ಚರ್ಚ್‌ನಲ್ಲಿ ಏರಿಯಾ ಮಕ್ಕಳಿಗೆ ಕ್ರಿಸ್ಮಸ್ ಪ್ರೋಗ್ರಾಂ: ಮೊದಲ ವರ್ಷ ಎಡವಿದ್ದು, ಆಮೇಲೆ ಬದಲಾಯಿಸಿದ್ದು

ಮೊದಲನೇ ವರ್ಷ ಗಿಫ್ಟನ್ನ ಕೊನೆಗೆ ಇಟ್ಕೊಂಡಿದ್ದೇ ನಾವು ಮಾಡಿದ ದೊಡ್ಡ ತಪ್ಪು. ಹಾಡು, ನಾಟಕ, ಫಾದರ್ ಮಾತು ಎಲ್ಲಾ ಮುಗಿದ್ಮೇಲೆ ಸಾಂತಾ ಬರ್ತಾರೆ, ಮಕ್ಕಳು ಸಾಲಾಗಿ ಬಂದು ಪ್ಯಾಕೆಟ್ ತಗೊಂಡು ಹೋಗ್ತಾರೆ ಅನ್ನೋದು ಪ್ಲ್ಯಾನ್. 60 ಮಕ್ಕಳು ಬರಬಹುದು ಅಂದ್ಕೊಂಡು ಸೇಫ್ ಆಗಿರ್ಲಿ ಅಂತ 75 ಪ್ಯಾಕೆಟ್ ಮಾಡಿಸಿದ್ವಿ, ಬಂದಿದ್ದು 110. ಸಾಲು ಅನ್ನೋದು ಎರಡೇ ನಿಮಿಷ ಇತ್ತು, ಆಮೇಲೆ ಒಂದೇ ನೂಕುನುಗ್ಗಲು, ಸಾಂತಾ ವೇಷ ಹಾಕಿದ್ದ ಕ್ವಾಯರ್ (ಚರ್ಚ್ ಹಾಡಿನ ತಂಡ) ಹುಡುಗನ ಅಂಟುಗಡ್ಡ ಒಬ್ಬಳ ಕೈಗೆ ಬಂತು, ಅದನ್ನ ನೋಡಿ ಚಿಕ್ಕವೆಲ್ಲ ಅಳೋಕೆ ಶುರು.

ಅದೆಲ್ಲ ಹೋಗ್ಲಿ. ಏಳು ವರ್ಷದ ಹುಡುಗ ಒಬ್ಬ ನನ್ನ ದುಪಟ್ಟಾ ಎಳೆದು "ಆಂಟಿ, ನಾನು ಈ ಚರ್ಚಿನವನಲ್ಲ ಅಂತ ಕೊಡ್ಲಿಲ್ವಾ?" ಅಂದ. ಇಲ್ಲಪ್ಪಾ ಹಾಗೇನಿಲ್ಲ ಅಂದೆ, ಆದ್ರೆ ನಿಜಕ್ಕೂ ಆಗಿದ್ದು ಹಾಗೇನೇ. ನಮ್ಮ ಕ್ಯಾಟೆಕಿಸಂ (ಚರ್ಚಿನ ಧರ್ಮಪಾಠ) ಮಕ್ಕಳನ್ನ ನಾವೇ ಮುಂದಿನ ಬೆಂಚಲ್ಲಿ ಕೂರಿಸಿದ್ವಿ, ಹೊರಗಿಂದ ಬಂದವ್ರು ಹಿಂದೆ, ಪ್ಯಾಕೆಟ್ ಖಾಲಿಯಾಗಿದ್ದೂ ಹಿಂದಿನವರಿಗೇ.

ಮುಂದಿನ ವರ್ಷ ಮೀಟಿಂಗಲ್ಲಿ ಈ ವಿಷಯ ಎತ್ತಿದೆ. ಆಗ ಫಾದರ್ ಸಂತ ನಿಕೋಲಸ್ ಕಥೆ ಹೇಳಿದ್ರು. ಸಾಂತಾ ಕ್ಲಾಸ್ ಬಂದಿದ್ದೇ ಅವ್ರಿಂದ, 4ನೇ ಶತಮಾನದಲ್ಲಿ ಈಗಿನ ಟರ್ಕಿಯಲ್ಲಿರೋ ಮೈರಾ ಊರಿನ ಬಿಷಪ್, ಬಡವನೊಬ್ಬನ ಮೂರು ಹೆಣ್ಣುಮಕ್ಕಳ ಮದುವೆಗೆ ರಾತ್ರಿ ಯಾರಿಗೂ ಕಾಣದ ಹಾಗೆ ಚಿನ್ನದ ಗಂಟು ಮನೆಯೊಳಗೆ ಹಾಕಿ ಹೋದ್ರು ಅಂತ ಐತಿಹ್ಯ. "ಅವ್ರು ಯಾರನ್ನೂ ಕ್ಯೂ ನಿಲ್ಲಿಸಿರ್ಲಿಲ್ವಲ್ಲಮ್ಮಾ" ಅಂದ್ರು ಫಾದರ್, ನಮಗೆ ಐಡಿಯಾ ಸಿಕ್ಕಿದ್ದೇ ಅಲ್ಲಿಂದ. ಈಗ ಸಾಂತಾ ಕೈಯಲ್ಲಿ ಗಿಫ್ಟೇ ಇರಲ್ಲ, ಮಕ್ಕಳ ಜೊತೆ ಆಟ ಆಡ್ತಾರೆ ಅಷ್ಟೇ. ಮಗು ಬಂದ ತಕ್ಷಣ ಒಂದೇ ನಂಬರಿನ ಎರಡು ಟ್ಯಾಗ್ ಕೊಡ್ತೀವಿ, ಒಂದು ಮಗುವಿನ ಅಂಗಿಗೆ, ಒಂದು ಕರ್ಕೊಂಡು ಬಂದವರ ಕೈಗೆ. ವಾಪಸ್ ಹೋಗುವಾಗ ಎರಡೂ ನಂಬರ್ ತಾಳೆ ಆದ್ರೆ ಮಾತ್ರ ಮಗುವನ್ನ ಕಳಿಸೋದು, ಬ್ಯಾಗ್ ಕೊಡೋದೂ ಆಗಲೇ. ಕ್ಯೂ ಇಲ್ಲ, ಮಗು ಯಾರ ಜೊತೆ ಹೋಯ್ತು ಅನ್ನೋ ಭಯಾನೂ ಇಲ್ಲ. ಹೆಸರು, ಫೋನ್ ನಂಬರ್, ಯಾವ್ದಾದ್ರೂ ತಿಂಡಿಗೆ ಅಲರ್ಜಿ ಇದ್ಯಾ, ಫೋಟೋ ತೆಗೀಬಹುದಾ ಇದಿಷ್ಟೂ ಮುಂಚೆನೇ ಬರ್ಕೊಳ್ತೀವಿ, ಹಾಗಾಗಿ ಬ್ಯಾಗ್ ಲೆಕ್ಕಾನೂ ತಪ್ಪಲ್ಲ, ಆದ್ರೂ ಹೆಸರು ಕೊಡದೆ ಬರೋರಿಗೆ ಅಂತ 20 ಎಕ್ಸ್‌ಟ್ರಾ ಇಟ್ಟಿರ್ತೀವಿ.

ಇನ್ವಿಟೇಷನಲ್ಲೂ ಯೇಸು ಹುಟ್ಟಿದ ಕಥೆ ಇರತ್ತೆ, ಹಾಡು ಇರತ್ತೆ, ಪ್ರಾರ್ಥನೆಗೆ ಯಾರನ್ನೂ ಬಲವಂತ ಮಾಡಲ್ಲ ಅಂತ ನೇರವಾಗಿ ಬರೆದ್ವಿ. ಬೇರೆ ಧರ್ಮದ ಮನೆಯವ್ರು ಇದನ್ನ ಓದಿ ನೆಮ್ಮದಿಯಾಗಿ ಕಳಿಸಿದ್ರು. ಮುಚ್ಚಿಟ್ಟು ಕರೆಯೋದು ನನಗಂತೂ ಸರಿ ಅನ್ಸಲ್ಲ.

ನಾಟಕದಲ್ಲಿ ಪಾತ್ರ ಸಾಲಲ್ಲ ಅನ್ನೋ ಗಲಾಟೆ ಬೇರೆ ಇತ್ತು, ಮರಿಯ, ಜೋಸೆಫ್ ಪಾತ್ರ ಯಾವಾಗ್ಲೂ ನಮ್ಮ ಮಕ್ಕಳಿಗೇ. ಬೈಬಲ್ ತೆಗೆದು ನೋಡಿದ್ರೆ ಮಗು ಯೇಸುವನ್ನ ನೋಡೋಕೆ ಪೂರ್ವದಿಂದ ಬಂದ ಜೋಯಿಸರು (ನಕ್ಷತ್ರ ನೋಡೋ ಪಂಡಿತರು) ಮೂರೇ ಜನ ಅಂತ ಮತ್ತಾಯ ಎಲ್ಲೂ ಬರೆದಿಲ್ಲ, ಚಿನ್ನ, ಧೂಪ, ರಕ್ತಬೋಳ (ಸುಗಂಧದ ಅಂಟು) ಅಂತ ಕಾಣಿಕೆ ಮೂರು, ಅಷ್ಟೇ. ಲೂಕದಲ್ಲಿ ಕುರುಬರ ಲೆಕ್ಕಾನೂ ಇಲ್ಲ, ದೇವದೂತರಂತೂ ದೊಡ್ಡ ಗುಂಪು. ಸರಿ, ನಮ್ಮಲ್ಲಿ ಈಗ ಒಂಬತ್ತು ಜೋಯಿಸರು, ಕುರುಬರು ಎಷ್ಟೋ. ಬಂದ ಮಗು ಮೊದಲು ಕಿರೀಟ ಅಥವಾ ರೆಕ್ಕೆ ತಾನೇ ಕತ್ತರಿಸಿ ಅಂಟಿಸ್ಕೊಳ್ಳತ್ತೆ, ಅರ್ಧ ಗಂಟೆ ಆದ್ಮೇಲೆ ಅದನ್ನೇ ಹಾಕ್ಕೊಂಡು ನಾಟಕಕ್ಕೆ ನಿಲ್ಲತ್ತೆ. ರಿಹರ್ಸಲ್ ಇಲ್ಲ, ಒಬ್ರು ಕಥೆ ಓದ್ತಾರೆ, ಮಕ್ಕಳು ನಡೀತಾರೆ. ಕಾಯೋ ಕೆಲಸ ಇಲ್ದಿದ್ರೆ ಮಕ್ಕಳು ಗಲಾಟೆ ಮಾಡೋದು ಅರ್ಧಕ್ಕರ್ಧ ಕಮ್ಮಿ.

ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹತ್ರ ಮೇಣದಬತ್ತಿ ತೆಗೆದು ಬ್ಯಾಟರಿ ದೀಪ ಇಟ್ವಿ, ಹುಲ್ಲಿನ ಪಕ್ಕ ಬೆಂಕಿ ಇಡೋ ಧೈರ್ಯ ನನಗಿಲ್ಲ. ಮೂರು ವರ್ಷದೊಳಗಿನವ್ರಿಗೆ ಮಣಿ, ಬಲೂನು ಕೊಡಲ್ಲ, ಗಂಟಲಲ್ಲಿ ಸಿಕ್ಕೊಳ್ಳತ್ತೆ. ಯಾವ ರೂಮಲ್ಲೂ ಒಬ್ಬರೇ ದೊಡ್ಡವ್ರು ಮಕ್ಕಳ ಜೊತೆ ಇರೋ ಹಾಗಿಲ್ಲ, ಇಬ್ಬರಾದ್ರೂ ಬೇಕು, ಈ ರೂಲ್ ಫಾದರ್‌ಗೂ ಸೇರಿ.

ದುಪಟ್ಟಾ ಎಳೆದಿದ್ದ ಆ ಹುಡುಗ ಹೋದ ವರ್ಷ ಬಂದಿದ್ದ, ಐದನೇ ಜೋಯಿಸ ಆಗಿ. ಧೂಪದ ಡಬ್ಬಿ ತನಗೇ ಬೇಕು ಅಂತ ಪಕ್ಕದವನ ಜೊತೆ ಜಗಳ ಆಡ್ಕೊಂಡೇ ನಡೆದ. ಇನ್ನೂ ಸರಿಹೋಗದೇ ಇರೋದು ಸಾಂತಾ ಗಡ್ಡ ಒಂದೇ, ಎಲಾಸ್ಟಿಕ್ ಹಾಕಿದ್ರೆ ಕ್ವಾಯರ್ ಹುಡುಗ ಕಿವಿ ನೋವು ಅಂತಾನೆ, ಅಂಟಿಸಿದ್ರೆ ತುರಿಕೆ ಅಂತಾನೆ.