ಟ್ರೇನರ್ ವಿಮಾನದ ಗ್ಲೋ ಇಂಜಿನ್‌ಗೆ ಯಾವ ಪ್ರೊಪೆಲ್ಲರ್?

.40 ಗ್ಲೋ ಇಂಜಿನ್ (ಗ್ಲೋ ಪ್ಲಗ್‌ನಿಂದ ಉರಿಯುವ, 0.40 ಘನ ಇಂಚಿನ ಪುಟ್ಟ ಇಂಜಿನ್) ಇರುವ ಟ್ರೇನರ್‌ಗೆ, ಅಂದರೆ ಕಲಿಯುವವರು ರಿಮೋಟಿನಿಂದ ಹಾರಿಸುವ ಮಾದರಿ ವಿಮಾನಕ್ಕೆ, 10×6 ಪ್ರೊಪೆಲ್ಲರಿನಿಂದ ಶುರು ಮಾಡಿ. 10 ಅಂದರೆ ಅಡ್ಡಳತೆ. 6 ಅಂದರೆ ಪಿಚ್, ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಹೋಗುವ ದೂರ. ಎರಡೂ ಇಂಚಿನಲ್ಲಿ. ಹುಲ್ಲಿನ ಮೈದಾನದಿಂದ ಏಳುವಾಗ ಎಳೆತ ಸಾಲದು ಅನ್ನಿಸಿದರೆ 11×5 ಹಾಕಿ ನೋಡಿ. ವೇಗ ಸ್ವಲ್ಪ ಕಡಿಮೆ, ಎಳೆತ ಜಾಸ್ತಿ. ಕಲಿಯುವವರಿಗೆ ಅದೇ ಬೇಕಲ್ವಾ? ಹಾಗಂತ ಸುಮ್ನೆ ಅಳತೆ ಏರಿಸುತ್ತಾ ಹೋಗಬೇಡಿ, ಇಂಜಿನ್ ತಿಣುಕಿ ಬಿಸಿಯಾಗುತ್ತದೆ. ಕೈಪಿಡಿಯಲ್ಲಿ ಕೊಟ್ಟ ಮಿತಿಯೊಳಗೇ ಇರಿ. ಎಲೆಕ್ಟ್ರಿಕ್ ಮೋಟಾರಿಗೆಂದು ಮಾಡಿದ ತೆಳು ಪ್ರೊಪೆಲ್ಲರ್ ಬೇಡವೇ ಬೇಡ.

ಹೊಸದನ್ನೂ ಬ್ಯಾಲೆನ್ಸ್ ಮಾಡಿಯೇ ಹಾಕಿ. ನಡುವೆ ಆಧಾರ ಕೊಟ್ಟು ನಿಲ್ಲಿಸಿದಾಗ ಕೆಳಗೆ ವಾಲುವ ಬ್ಲೇಡಿನ ಹಿಂಬದಿಯನ್ನು ಸ್ಯಾಂಡ್‌ಪೇಪರಿನಿಂದ ಚೂರು ಚೂರೇ ಉಜ್ಜಿ, ಎರಡೂ ಕಡೆ ಸಮ ನಿಲ್ಲುವ ತನಕ. ತುದಿಯಲ್ಲಿ ಸಣ್ಣ ಕಚ್ಚು ಕಂಡರೂ ಎಸೆದುಬಿಡಿ. ದಯವಿಟ್ಟು ಅಂಟು ಹಚ್ಚಿ ಮತ್ತೆ ಓಡಿಸಬೇಡಿ.