ಟೆಕ್ ಕಂಪನಿ ಇಂಟರ್‌ವ್ಯೂ: ಸುಮ್ಮನೆ ಕೂತು ಕೋಡ್ ಬರೆಯಬೇಡಿ, ಬಾಯಿ ಬಿಡಿ

ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್‌ನಂಥ ಕಂಪನಿ ಸೇರಬೇಕಾದರೆ ಬೆಂಗಳೂರಿನಲ್ಲೇ ಓದಿರಬೇಕು ಅಂತ ಹಾಸನ, ಚಿಕ್ಕಮಗಳೂರಿನ ಬಹಳ ಹುಡುಗರು ನಂಬಿಬಿಟ್ಟಿದ್ದಾರೆ. ಹಾಗೇನಿಲ್ಲ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1960ರಲ್ಲಿ, ಚಿಕ್ಕಮಗಳೂರಿನ ಎಐಟಿ (ಆದಿಚುಂಚನಗಿರಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) 1980ರಲ್ಲಿ. ಇಲ್ಲಿ ಕಲಿಸುವ ಡೇಟಾ ಸ್ಟ್ರಕ್ಚರ್ಸ್ (ಮಾಹಿತಿಯನ್ನು ಜೋಡಿಸಿಡುವ ಬಗೆ), ಅಲ್ಗಾರಿದಮ್ (ಲೆಕ್ಕ ಬಿಡಿಸುವ ಹಂತಗಳು) ಪಾಠದಿಂದಲೇ ಆ ಕಂಪನಿಗಳೂ ಪ್ರಶ್ನೆ ಕೇಳುತ್ತವೆ. ನಾನು ಇಲ್ಲಿನ ಹುಡುಗ ಹುಡುಗಿಯರಿಗೆ ಮಾಕ್, ಅಂದರೆ ಅಭ್ಯಾಸದ ಇಂಟರ್‌ವ್ಯೂ ಮಾಡಿಸುತ್ತಿರುತ್ತೇನೆ. ಪಾಠ ಗೊತ್ತಿಲ್ಲದೆ ಸೋಲುವವರಿಗಿಂತ, ಗೊತ್ತಿದ್ದೂ ಬಾಯಿ ಬಿಡದೆ ಸೋಲುವವರೇ ಜಾಸ್ತಿ.

ಮೊದಲು ರೆಸ್ಯೂಮೆ. ಒಂದೇ ಪುಟ. ಫೋಟೋ ಬೇಡ, ಅಪ್ಪನ ಹೆಸರು ಬೇಡ, ಕೊನೆಯಲ್ಲಿ ‘ಮೇಲಿನದೆಲ್ಲ ಸತ್ಯ’ ಅನ್ನುವ ಘೋಷಣೆಯೂ ಬೇಡ. ಪ್ರಾಜೆಕ್ಟ್ ಅಂತ ಎಲ್ಲರೂ ಹಾಕುವ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ತೆಗೆಯಿರಿ. ಮನೆಯ ಕಾಫಿ ತೋಟದ ಆಳುಗಳ ವಾರದ ಬಟವಾಡೆ ಲೆಕ್ಕಕ್ಕೆ ನೀವೇ ಒಂದು ಸಣ್ಣ ಆ್ಯಪ್ ಬರೆದಿದ್ದರೆ ಅದನ್ನು ಹಾಕಿ. ಅದರ ಬಗ್ಗೆ ಅರ್ಧ ಗಂಟೆ ಕೇಳಿದರೂ ನೀವು ಉತ್ತರ ಹೇಳುತ್ತೀರಿ, ಅಲ್ವಾ?

ಅರ್ಜಿಯನ್ನು ಕಂಪನಿಯ ಸ್ವಂತ ಕೆರಿಯರ್ಸ್ ಪುಟದಲ್ಲೇ ಹಾಕಿ. ಒಳಗೆ ನಿಮ್ಮ ಕಾಲೇಜಿನ ಸೀನಿಯರ್ ಯಾರಾದರೂ ಇದ್ದರೆ ರೆಫರಲ್, ಅಂದರೆ ಒಳಗಿನವರ ಶಿಫಾರಸು, ಕೇಳಿ. ಬರೀ ‘ಹಾಯ್ ಅಣ್ಣ’ ಅಂತ ಕಳಿಸಿ ಕಾಯಬೇಡಿ. ಜಾಬ್ ಐಡಿ (ಆ ಕೆಲಸಕ್ಕೆ ಕಂಪನಿ ಕೊಟ್ಟ ನಂಬರ್), ರೆಸ್ಯೂಮೆ, ಆ ಕೆಲಸಕ್ಕೆ ನೀವು ಯಾಕೆ ಸರಿ ಅನ್ನುವ ಎರಡು ಸಾಲು, ಮೂರನ್ನೂ ಒಂದೇ ಮೆಸೇಜಿನಲ್ಲಿ ಕಳಿಸಿ. ಇನ್ನೊಂದು ಮಾತು, ದಯವಿಟ್ಟು ಮನೆಯವರಿಗೂ ಹೇಳಿ: ‘ಡೆಪಾಸಿಟ್ ಕಟ್ಟಿ, ಬ್ಯಾಕ್‌ಡೋರ್‌ನಲ್ಲಿ ಸೇರಿಸುತ್ತೇವೆ’ ಅನ್ನುವವರೆಲ್ಲ ಮೋಸಗಾರರೇ. ಈ ಕಂಪನಿಗಳು ಕೆಲಸ ಕೊಡಲು ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಲಕ್ಷಗಟ್ಟಲೆ ಫೀಸಿನ ಕೋಚಿಂಗೂ ಬೇಡ. ಲೀಟ್‌ಕೋಡ್ ಅನ್ನುವ ಕೋಡಿಂಗ್ ಅಭ್ಯಾಸದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುವ ಲೆಕ್ಕಗಳೇ ಬೇಕಾದಷ್ಟಿವೆ.

ಇಂಟರ್‌ವ್ಯೂಗೆ ಮೊದಲು ಬರುವ ಆನ್‌ಲೈನ್ ಟೆಸ್ಟನ್ನು ನಿಮ್ಮ ಸ್ವಂತ ತಲೆಯಿಂದಲೇ ಬರೆಯಿರಿ. ಎಐ ಕೈಲಿ ಬರೆಸಿದ ಕೋಡನ್ನೇ ಮುಂದಿನ ಸುತ್ತಿನಲ್ಲಿ ವಿವರಿಸಿ ಅಂದರೆ ಅಲ್ಲಿಗೆ ಮುಗಿಯಿತು.

ಈಗ ಅಸಲಿ ಕಷ್ಟ, ಕೋಡಿಂಗ್ ಇಂಟರ್‌ವ್ಯೂ. ಸಾಮಾನ್ಯವಾಗಿ ಒಂದು ಸುತ್ತು 45 ನಿಮಿಷದಿಂದ ಒಂದು ಗಂಟೆ, ಅಂಥವು ಮೂರು ನಾಲ್ಕು ಇರುತ್ತವೆ. ನೀವು ಬರೆಯುವುದನ್ನು ಎದುರಿನವರು ಅವರ ಪರದೆಯಲ್ಲಿ ನೋಡುತ್ತಿರುತ್ತಾರೆ. ಎಷ್ಟೋ ಕಡೆ ಕೋಡ್ ರನ್ ಮಾಡುವ ಬಟನ್ನೇ ಇರುವುದಿಲ್ಲ. ಅದಕ್ಕೇ ಮನೆಯಲ್ಲಿ ಕಾಗದ, ಪೆನ್ನಿನಲ್ಲಿ ಅಭ್ಯಾಸ ಮಾಡಿ ಅಂತ ನಾನು ಹಟ ಹಿಡಿಯುವುದು.

ಒಂದು ಲೆಕ್ಕ ಹಿಡಿದೇ ನೋಡೋಣ. ಸಂಖ್ಯೆಗಳ ಪಟ್ಟಿ ಕೊಟ್ಟು, ಕೂಡಿದರೆ 10 ಬರುವ ಎರಡು ಸಂಖ್ಯೆ ಹುಡುಕಿ ಅನ್ನುತ್ತಾರೆ. ನಮ್ಮ ಹುಡುಗರು ತಕ್ಷಣ ತಲೆ ತಗ್ಗಿಸಿ ಟೈಪ್ ಮಾಡಲು ಶುರು ಮಾಡುತ್ತಾರೆ. ಬೇಡ. ಮೊದಲು ಕೇಳಿ. ಪಟ್ಟಿ ಎಷ್ಟು ದೊಡ್ಡದು? ಮೈನಸ್ ಸಂಖ್ಯೆಗಳೂ ಇರುತ್ತವಾ? ಪಟ್ಟಿಯಲ್ಲಿ 5 ಒಂದೇ ಸಲ ಇದ್ದರೆ ಅದನ್ನೇ ಎರಡು ಸಲ ಬಳಸಬಹುದಾ? ಜೋಡಿಯೇ ಸಿಗದಿದ್ದರೆ ಏನು ಕೊಡಲಿ? ಪ್ರಶ್ನೆಯನ್ನು ಬೇಕಂತಲೇ ಅರ್ಧ ಹೇಳಿರುತ್ತಾರೆ, ಉಳಿದರ್ಧ ನೀವು ಕೇಳುತ್ತೀರಾ ಅಂತ ನೋಡುತ್ತಾರೆ.

ಆಮೇಲೆ ನಿಧಾನದ ದಾರಿಯನ್ನೇ ಮೊದಲು ಹೇಳಿ. ‘ಪ್ರತಿ ಸಂಖ್ಯೆಯನ್ನೂ ಉಳಿದ ಎಲ್ಲದರ ಜೊತೆ ಕೂಡಿಸಿ ನೋಡಬಹುದು, ಆದರೆ 1 ಲಕ್ಷ ಸಂಖ್ಯೆ ಇದ್ದರೆ ಹತ್ತಿರ ಹತ್ತಿರ 500 ಕೋಟಿ ಜೋಡಿ ಆಗುತ್ತವೆ, ಇದು ನಡೆಯಲ್ಲ’ ಅನ್ನಿ. ನಂತರ ಸುಧಾರಿಸಿ: ಹಿಂದೆ ನೋಡಿದ ಸಂಖ್ಯೆಗಳನ್ನು ಹ್ಯಾಶ್ ಮ್ಯಾಪ್‌ನಲ್ಲಿ (ಕೇಳಿದ್ದು ಒಳಗಿದೆಯಾ ಅಂತ ಥಟ್ಟನೆ ಹೇಳುವ ಸಂಗ್ರಹ) ಇಟ್ಟುಕೊಂಡರೆ, 7 ಬಂದಾಗ 3 ಆಗಲೇ ಬಂದಿತ್ತಾ ಅಂತ ನೋಡಿದರೆ ಸಾಕು. ಪಟ್ಟಿಯನ್ನು ಒಂದು ಸಲ ಓದಿದರೆ ಕೆಲಸ ಮುಗಿಯುತ್ತದೆ, ಬದಲಿಗೆ ಮೆಮೊರಿ ಜಾಸ್ತಿ ಬೇಕು. ಆ ‘ಬದಲಿಗೆ’ಯನ್ನೂ ಬಾಯಿಬಿಟ್ಟು ಹೇಳಿ, ಅದಕ್ಕೂ ಅಂಕ ಇದೆ.

ಕೋಡ್ ಬರೆದ ಕೂಡಲೇ ‘ಮುಗೀತು ಸಾರ್’ ಅನ್ನಬೇಡಿ. 5, 3, 7 ಅನ್ನುವ ಸಣ್ಣ ಪಟ್ಟಿ ತೆಗೆದುಕೊಂಡು ಕೋಡನ್ನು ಸಾಲು ಸಾಲಾಗಿ ಬಾಯಲ್ಲೇ ನಡೆಸಿ ನೋಡಿ. 5ನ್ನು ಮೊದಲು ಮ್ಯಾಪ್‌ಗೆ ಹಾಕಿ ಆಮೇಲೆ ಹುಡುಕಿದರೆ ಅದು ತನಗೆ ತಾನೇ ಜೋಡಿಯಾಗಿ 10 ಅಂದುಬಿಡುತ್ತದೆ. ಮೊದಲು ಹುಡುಕಬೇಕು, ಆಮೇಲೆ ಹಾಕಬೇಕು. ಈ ತಪ್ಪನ್ನು ಅವರು ತೋರಿಸುವ ಮೊದಲು ನೀವೇ ಹಿಡಿದರೆ ಅದು ನಿಮ್ಮ ಪರವಾಗಿ ನಿಲ್ಲುತ್ತದೆ.

ದಾರಿ ಹೊಳೆಯದಿದ್ದರೆ? ‘ಒಂದು ನಿಮಿಷ ಯೋಚಿಸುತ್ತೇನೆ’ ಅಂತ ಹೇಳಿ ಸುಮ್ಮನಾಗಿ, ಹೇಳದೆ ಸುಮ್ಮನಾಗಬೇಡಿ. ಅವರು ಸುಳಿವು ಕೊಟ್ಟರೆ ಹಿಡಿದುಕೊಳ್ಳಿ. ಸುಳಿವು ಕೊಡುವುದು ಹೀಯಾಳಿಸಲು ಅಲ್ಲ, ಜೊತೆಗೆ ಕೆಲಸ ಮಾಡಲು ನೀವು ಹೇಗಿದ್ದೀರಿ ಅಂತ ನೋಡಲು.

ಕನ್ನಡ ಮೀಡಿಯಂನವರ ಭಯ ನನಗೆ ಗೊತ್ತು. ಅವರಿಗೆ ನಾನು ಹೇಳುವುದಿಷ್ಟೆ: ಲೆಕ್ಕವನ್ನು ಮೊದಲು ಕನ್ನಡದಲ್ಲೇ ಗಟ್ಟಿಯಾಗಿ ವಿವರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಎಲ್ಲಿ ತಡವರಿಸಿದಿರೋ ಅಲ್ಲಿ ಯೋಚನೆಯೇ ಇನ್ನೂ ತಿಳಿಯಾಗಿಲ್ಲ ಅಂತ ಅರ್ಥ, ಅದನ್ನು ಸರಿ ಮಾಡಿಕೊಂಡು ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ದೊಡ್ಡ ಇಂಗ್ಲಿಷ್ ಯಾರಿಗೂ ಬೇಕಿಲ್ಲ.

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರ ಕಡೆಯ ಮನೆಯಿಂದ ಇಂಟರ್‌ವ್ಯೂ ಕೊಡುವ ಧೈರ್ಯ ಬೇಡ. ಕರೆಂಟ್ ಹೋಗುತ್ತದೆ, ಶೀಟಿನ ಮನೆಯಾದರೆ ಮಳೆ ಸದ್ದಿಗೆ ನಿಮ್ಮ ಮಾತೇ ಕೇಳುವುದಿಲ್ಲ. ಹಿಂದಿನ ದಿನವೇ ಪೇಟೆಯ ಸ್ನೇಹಿತರ ರೂಮಿಗೆ ಹೋಗಿ. ಇನ್ನೊಂದು ಸಿಮ್‌ನ ಹಾಟ್‌ಸ್ಪಾಟ್ ತಯಾರಿರಲಿ.

ಸ್ವಭಾವ ನೋಡುವ ಪ್ರಶ್ನೆಗಳೂ ಬರುತ್ತವೆ. ಅಮೆಜಾನ್‌ನಲ್ಲಂತೂ ಅವರ 16 ಲೀಡರ್‌ಶಿಪ್ ಪ್ರಿನ್ಸಿಪಲ್ಸ್ (ಕಂಪನಿಯ ನಾಯಕತ್ವದ ತತ್ವಗಳು) ಹಿಡಿದೇ ಕೇಳುತ್ತಾರೆ. ‘ನಾವು ಮಾಡಿದೆವು’ ಅನ್ನದೆ ‘ನಾನು ಇದನ್ನು ಮಾಡಿದೆ’ ಅಂತ ಹೇಳಿ.

ಆಫರ್ ಬಂದರೆ ಸಿಟಿಸಿಯ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಮೊತ್ತ ನೋಡಿ ಕೂಡಲೇ ಬ್ಯಾಂಕ್ ಸಾಲ ಮಾಡಬೇಡಿ. ಅದರಲ್ಲಿ ಷೇರುಗಳ ಪಾಲಿರುತ್ತದೆ, ಸಾಮಾನ್ಯವಾಗಿ ಅದು ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೈಸೇರುತ್ತದೆ. ಜಾಯ್ನಿಂಗ್ ಬೋನಸ್ ಇದ್ದರೆ, ಬೇಗ ಬಿಟ್ಟರೆ ವಾಪಸ್ ಕೊಡಬೇಕಾ ಅಂತ ಪತ್ರದಲ್ಲಿ ಹುಡುಕಿ. ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಅಂತ ಎಚ್‌ಆರ್‌ಗೆ ನೇರವಾಗಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡ ಮೇಲೇ ಸಹಿ ಹಾಕಿ.