18 ಪರ್ಸೆಂಟ್ ಸೇರಿಸಿದ್ದನ್ನು ವಾಪಸ್ ತೆಗೆಯುವುದು ಹೇಗೆ?

ನಾನು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಲ್ಲಿ ಹಿಂದಿನಿಂದ ಮಾಡುವ ಲೆಕ್ಕವೇ ಜಾಸ್ತಿ. ಗಿರಾಕಿ ಚೌಕಾಸಿ ಮಾಡಿ "ಎಲ್ಲಾ ಸೇರಿ 1180" ಅಂತ ಮುಗಿಸಿರುತ್ತಾರೆ, ಆದರೆ ಬಿಲ್ಲಿನಲ್ಲಿ ಮೂಲ ಬೆಲೆ ಬೇರೆ, 18 ಪರ್ಸೆಂಟ್ ಜಿಎಸ್‌ಟಿ ಬೇರೆ ತೋರಿಸಬೇಕು.

ಹೊಸದಾಗಿ ಸೇರಿದ ಹುಡುಗರು ಕ್ಯಾಲ್ಕುಲೇಟರ್ ತಗೊಂಡು 1180ರಲ್ಲಿ 18 ಪರ್ಸೆಂಟ್ ಕಳೆದುಬಿಡುತ್ತಾರೆ. 967.60 ಬರುತ್ತದೆ. ನಾನು ತಪ್ಪು ಅನ್ನುವುದಿಲ್ಲ, ಸುಮ್ನೆ "ಇದಕ್ಕೇ 18 ಪರ್ಸೆಂಟ್ ಸೇರಿಸಿ ತಾಳೆ ನೋಡಪ್ಪಾ" ಅನ್ನುತ್ತೇನೆ. 1141.77! ಬಾಕಿ ಮೂವತ್ತೆಂಟು ರೂಪಾಯಿ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಸೇರಿಸುವಾಗ 18 ಪರ್ಸೆಂಟ್ ಹಾಕಿದ್ದು ಮೂಲ ಬೆಲೆಯ ಮೇಲೆ, ಇವನು ಕಳೆದದ್ದು ಒಟ್ಟು ಮೊತ್ತದ ಮೇಲೆ. ಪರ್ಸೆಂಟ್ ಸೇರಿಸುವುದು ಕೂಡುವ ಲೆಕ್ಕದ ಹಾಗೆ ಕಾಣುತ್ತದೆ ಅಷ್ಟೇ, ನಿಜಕ್ಕೂ ನಾವು 1.18ರಿಂದ ಗುಣಿಸಿದ್ದೇವೆ. ಗುಣಿಸಿದ್ದನ್ನು ಬಿಡಿಸೋಕೆ ಭಾಗಿಸಬೇಕು, ಕಳೆದರೆ ಆಗುವುದಿಲ್ಲ. 1180 ಭಾಗಿಸು 1.18, ಸರಿಯಾಗಿ 1000. 5 ಪರ್ಸೆಂಟ್ ಆದರೆ ಇನ್ನೂ ಸಲೀಸು: ಮೂಲ ಬೆಲೆ 20 ಪಾಲು, ತೆರಿಗೆ ಒಂದು ಪಾಲು, ಹಾಗಾಗಿ ಒಟ್ಟು ಮೊತ್ತವನ್ನು 21ರಿಂದ ಭಾಗಿಸಿದರೆ ತೆರಿಗೆಯೇ ಸಿಗುತ್ತದೆ. 1050ಕ್ಕೆ 50.

ಡಿಸ್ಕೌಂಟಿಗೂ ಇದೇ ಮಾತು. 20 ಪರ್ಸೆಂಟ್ ಬಿಟ್ಟು ಫ್ಯಾನ್ ರೆಗ್ಯುಲೇಟರ್ 240ಕ್ಕೆ ಕೊಟ್ಟಿದ್ದರೆ ಹಳೇ ಬೆಲೆ 288 ಅಲ್ಲ, 300. ಅಂದರೆ ಇಳಿಸಿದ್ದು 20, ಮತ್ತೆ ಏರಿಸಬೇಕಾದ್ದು 25 ಪರ್ಸೆಂಟ್. ಇದನ್ನು ಒಪ್ಪಿಸೋಕೆ ನನಗೆ ಗಿರಾಕಿಗಳಿಗಿಂತ ನಮ್ಮವರ ಹತ್ತಿರವೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಎರಡು ಮೂರು ಲೆಕ್ಕ ಒಂದರ ಮೇಲೊಂದು ಕೂತಿದ್ದರೆ, ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯಬೇಕು. ಆಟೋದವರ 50 ರೂಪಾಯಿಯೂ ಸೇರಿ ಗಿರಾಕಿ 640 ಕೊಟ್ಟರು ಅನ್ನಿ, ಮೊದಲು 50 ಕಳೆದು 590 ಮಾಡಿಕೊಂಡು ಆಮೇಲೆ 1.18ರಿಂದ ಭಾಗಿಸಿದರೆ 500 ಬರುತ್ತದೆ. ಮೊದಲೇ ಭಾಗಿಸಿ ಆಮೇಲೆ ಕಳೆದರೆ 492.37. ಬಾಡಿಗೆಯಲ್ಲೂ ತೆರಿಗೆ ಹುಡುಕಿದ ಹಾಗಾಯಿತು ಅಲ್ವಾ?

ನಮ್ಮ ಯಜಮಾನರು ಮಾತ್ರ ಚಿಲ್ಲರೆ ಕೊಡುವಾಗ ಕಳೆಯುವುದೇ ಇಲ್ಲ. ಬಿಲ್ 367, ನೋಟು 500. ಮೂರು ರೂಪಾಯಿ ಇಟ್ಟು "370", ಮೂವತ್ತು ಇಟ್ಟು "400", ನೂರು ಇಟ್ಟು "500". ಕಳೆಯುವ ಲೆಕ್ಕವನ್ನು ಕೂಡಿಯೇ ಮುಗಿಸಿದರು, ಗಿರಾಕಿಯ ಕಣ್ಣೆದುರೇ ತಾಳೆಯೂ ಆಯಿತು.

ಬಿಡಿಸೋಕೆ ಆಗದ್ದು ಒಂದೇ, ಸೊನ್ನೆಯಿಂದ ಗುಣಿಸಿದ್ದು. ಯಾರೋ ಬಿಲ್ಲಿನಲ್ಲಿ ಸಾಮಾನಿನ ಸಂಖ್ಯೆ ಸೊನ್ನೆ ಅಂತ ಹಾಕಿ, ದರ ಬರೆಯದೆ ಬಿಟ್ಟಿದ್ದರೆ, ಒಟ್ಟು ಸೊನ್ನೆ ನೋಡಿಕೊಂಡು ಆ ಸಾಮಾನಿನ ದರ 40 ಇತ್ತೋ 4000 ಇತ್ತೋ ಹೇಳೋಕಾಗುವುದಿಲ್ಲ. ಆಗ ಹಳೇ ಬಿಲ್ ಬುಕ್ ತೆಗೆಯಲೇಬೇಕು.